ಎಡಗೈ ಒಪ್ಪಿದ ಕೋವಿ

ಹುಣಸೂರಿನಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಆಚಾರಿಯವರು ಗಿರಾಕಿಯ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ಯಾವ ಕೋವಿ ಒಳ್ಳೆಯದೆಂದು ಕೇಳಿದರೆ, ಎಣ್ಣೆಬಟ್ಟೆಗೆ ಬೆರಳು ಒರೆಸಿಕೊಳ್ಳುತ್ತ, "ನನ್ನ ಯಾಕೆ ಕೇಳ್ತೀರಿ, ನಿಮ್ ಕೈನೇ ಕೇಳಿ" ಎನ್ನುತ್ತಿದ್ದರು.

ಕಾಡುಹಂದಿ ತಿವಿದು ಅಪ್ಪನ ಎಡಗೈ ಸೋತಿದ್ದ ವರ್ಷ ನಾವು ಹಂಪಾಪುರದಿಂದ ಅವರ ಅಂಗಡಿಗೆ ಹೋದೆವು. ನಮ್ಮ ಲೈಸೆನ್ಸಿಗೆ ಒಂದೇ ಕೋವಿ. ಕೊಡಗಿನ ಕಡೆಯ ಕಾಫಿ ತೋಟದ ದೊರೆಯೊಬ್ಬರು ಮಾರಲು ಬಿಟ್ಟಿದ್ದ ಎರಡು ಕೋವಿಗಳು ಅಲ್ಲಿದ್ದವು. ಒಂದರಲ್ಲಿ ಪ್ರತಿ ಈಡಿಗೂ ನಳಿಗೆಯ ಕೆಳಗಿನ ಹಿಡಿಕೆಯನ್ನು ಎಡಗೈಯಿಂದ ಎಳೆದು ತಳ್ಳಬೇಕು. ಇನ್ನೊಂದು, ಈಡಿನ ರಭಸಕ್ಕೆ ತಾನೇ ಮುಂದಿನ ತೋಟಾ ತುಂಬಿಕೊಳ್ಳುತ್ತಿತ್ತು. ಅಪ್ಪ ಅದಕ್ಕೇ ಕೈ ಹಾಕಿದರು.

"ತೋಟಾ ಅಂಗಡೀದಾ, ಮನೇಲಿ ತುಂಬಿದ್ದಾ?" ಆಚಾರಿಯವರು ಕೇಳಿದರು.

"ಮನೇದೇ ಕಣ್ರೀ. ಹಂದಿ ಬೆದರ್ಸಕೆ ಅರ್ಧ ಮದ್ದು ಸಾಕು."

"ಅರ್ಧ ಮದ್ದಿಗೆ ಇದು ತುಂಬ್ಕಳಾಕಿಲ್ಲ ಗೌಡ್ರೇ, ನಡುವೆ ಸಿಕ್ಕಾಕತದೆ. ಹಂದಿ ಮುಂದೆ ನಿಂತ್ಕಂಡು ಏನ್ ಮಾಡೀರಿ?"

ಅಪ್ಪ ಎಳೆಯುವ ಕೋವಿಯನ್ನು ಎತ್ತಿಕೊಂಡರು. ಎಡಗೈಗೆ ಬಲ ಸಾಲದೆ ಹಿಡಿಕೆ ಅರ್ಧಕ್ಕೇ ನಿಂತಿತು.

"ಮನೇಗ್ ತಕಂಡೋಗಿ, ತೋಟಾ ಇಲ್ದೆ ದಿನಾ ಎಳೀರಿ. ಕೈ ಒಲ್ಲೆ ಅಂದ್ರೆ ಬನ್ನಿ, ಇನ್ನೊಂದ ಇಟ್ಟಿರ್ತೀನಿ" ಎಂದು ಆಚಾರಿಯವರು ತಾನೇ ತುಂಬಿಕೊಳ್ಳುವ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

ರಾಗಿ ತೆನೆ ಒಡೆಯುವ ಹೊತ್ತಿಗೆ ಮತ್ತೆ ಹೋದೆವು. ಅವರು ತಲೆ ಬಗ್ಗಿಸಿ ಅರ ಉಜ್ಜುತ್ತಿದ್ದರು. ಅಪ್ಪ ಖಾಲಿ ಕೋವಿಯ ಹಿಡಿಕೆಯನ್ನು ಒಂದೇ ಸಲಕ್ಕೆ ಪೂರ್ತಿ ಎಳೆದು ತಳ್ಳಿದರು. ಆ ಸದ್ದು ಕೇಳಿದ ಆಚಾರಿಯವರು ತಿರುಗಿ ಕೂಡ ನೋಡಲಿಲ್ಲ. ಅರ ಕೆಳಗಿಟ್ಟು, ಅಟ್ಟಕ್ಕೆ ಏಣಿ ಹಾಕಿ, ಗೋಣಿ ಬಿಚ್ಚಿ, ಇನ್ನೊಂದು ಕೋವಿಯನ್ನು ಮಾರಾಟಕ್ಕೆಂದು ಬೀದಿಗೆ ಕಾಣುವಂತೆ ಗೋಡೆಗೆ ನೇತುಹಾಕಿದರು.