ಮುರಿಗೆವ್ವ ತೊಳೆದ ಕಲ್ಲು

ನಮ್ಮ ಓಣಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಒಮ್ಮೊಮ್ಮೆ ಅದಕ್ಕೂ ತಡವಾಗಿ. ನೀರು ಬಿಡುತ್ತಾರೆಂಬ ಸುದ್ದಿ ಬಂತೆಂದರೆ ಹಳೇ ಹುಬ್ಬಳ್ಳಿಯ ಹೆಂಗಸರು ಮೊದಲು ಮನೆಯಲ್ಲಿದ್ದ ನೀರನ್ನು ಚೆಲ್ಲುತ್ತಾರೆ. ಹಂಡೆಯಲ್ಲಿ ಅರ್ಧ ಉಳಿದಿರಲಿ, ಮುಕ್ಕಾಲು ಉಳಿದಿರಲಿ, ಆ ಗಳಿಗೆಯಿಂದ ಅದು ಹಳೇ ನೀರು. ಅಂಗಳ ತೊಳೆದು, ಮೆಟ್ಟಿಲು ತೊಳೆದು, ಪಾತ್ರೆಯ ತಳ ತಿಕ್ಕಿ, ಆಮೇಲೆ ಹೊಸ ನೀರು ಹಿಡಿದರೇ ಸಮಾಧಾನ. ಈ ಕೆಲಸದಲ್ಲಿ ನನ್ನ ಪಕ್ಕದ ಮನೆಯ ಮುರಿಗೆವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕೊಡ, ಹಂಡೆ, ಬ್ಯಾರಲ್ಲು, ಕಡೆಗೆ ಬಚ್ಚಲಿನ ತಂಬಿಗೆ ಕೂಡ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಬಿಸಿಲಿಗೆ ಬೋರಲು ಬೀಳಬೇಕು. ಆಕೆ ಸುಮ್ಮನೆ ಕುಳಿತದ್ದನ್ನು ನೋಡಿದವರು ಓಣಿಯಲ್ಲಿ ಯಾರೂ ಇರಲಿಲ್ಲ.

ಆಕೆಯ ಗಂಡ ಬಸವಪ್ರಭು ಕಾಳಿನ ಪೇಟೆಯಲ್ಲಿ ಸವಾಲು ಕೂಗುತ್ತಿದ್ದವರು. ಹೆಸರುಕಾಳಿನ ರಾಶಿಯ ಮುಂದೆ ನಿಂತು ದರ ಏರಿಸುತ್ತಿದ್ದರೆ ಆಚೆ ಅಂಗಡಿಯ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವಂತೆ. ಮನೆಯಲ್ಲಿ ಚಹಾ ಕೇಳಿದರೂ ಗೋಡೆ ದಾಟಿ ನನ್ನ ಒಲೆಯ ಮುಂದೆ ಕೇಳಿಸುತ್ತಿತ್ತು. ಹೋದ ವರ್ಷ ಯುಗಾದಿ ಮುಗಿದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು. ಎಡಗೈ ಎಡಗಾಲು ಸೋತವು, ಧ್ವನಿ ನೂಲಿನ ಎಳೆಯಷ್ಟಾಯಿತು.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಅವರಿಗೆ ಎಡಗಡೆ ಎಂಬುದೇ ಇಲ್ಲವಾಗಿತ್ತು. ಕಣ್ಣು ಸರಿಯಾಗಿಯೇ ಇವೆ, ಎಡಕ್ಕೂ ಒಂದು ಲೋಕವಿದೆ ಎಂಬುದನ್ನು ಮಿದುಳು ಮರೆತಿದೆ ಎಂದು ಡಾಕ್ಟರು ಹೇಳಿದರು. ತಾಟಿನಲ್ಲಿ ರೊಟ್ಟಿಯ ಬಲ ಅರ್ಧ ಮಾತ್ರ ತಿಂದು ಊಟವಾಯಿತು ಎನ್ನುತ್ತಿದ್ದರು. ಎಡಕ್ಕೆ ಬಡಿಸಿದ ಬದನೆಕಾಯಿ ಪಲ್ಯ ಹಾಗೇ ಇರುತ್ತಿತ್ತು. ಮುರಿಗೆವ್ವ ತಾಟನ್ನು ತಿರುಗಿಸಿ ಇಟ್ಟರೆ ಹೊಸದಾಗಿ ಬಡಿಸಿದಂತೆ ಮತ್ತೆ ಉಣ್ಣುತ್ತಿದ್ದರು. ಎಡಗಡೆ ನಿಂತು ಕರೆದರೆ ಅವರು ಹುಡುಕುತ್ತಿದ್ದುದು ಬಲಕ್ಕೆ, ಬಾಗಿಲ ಕಡೆಗೆ. "ಎಲ್ಲಿ ಅದಿ?" ಎಂದು ಕೇಳುತ್ತಿದ್ದರು. ಮೊದಮೊದಲು ಮುರಿಗೆವ್ವ ನಗುತ್ತ ಸುತ್ತಿಕೊಂಡು ಬಲಕ್ಕೆ ಬಂದು ನಿಲ್ಲುತ್ತಿದ್ದಳು. ಆಮೇಲೆ ನಗು ನಿಂತಿತು, ಸುತ್ತಿ ಬರುವುದು ನಿಲ್ಲಲಿಲ್ಲ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಧಾರವಾಡದಿಂದ ಪ್ರಾಚಿ ಎಂಬ ಹುಡುಗಿ ಬರುತ್ತಿದ್ದಳು. ಎಲ್ಲರೂ ಬಲಕ್ಕೇ ಬಂದು ನಿಂತರೆ ಅವರು ಎಡಕ್ಕೆ ಹೊರಳುವುದು ಯಾವಾಗ ಎಂದು ಆಕೆ ಕೇಳಿದಳು. ಎಡಗಡೆ ಏನಾದರೂ ಓಡಾಡುವಂಥದ್ದು ಇಡಿ, ಅದರ ಮೇಲೆ ಅವರಿಗೆ ಪ್ರೀತಿ ಹುಟ್ಟಬೇಕು, ಕುತ್ತಿಗೆ ತಾನಾಗಿ ಹೊರಳಬೇಕು ಎಂದಳು. ಅಂದಿನಿಂದ ಮುರಿಗೆವ್ವನಿಗೆ ಲೋಕದಲ್ಲಿ ಇನ್ನೇನೂ ಬೇಕಾಗಿರಲಿಲ್ಲ. ಆ ಮುಖ ಒಮ್ಮೆ ಎಡಕ್ಕೆ ಹೊರಳಿದರೆ ಸಾಕಿತ್ತು.

ಮಗ ಅಮರೇಶ ಪೇಟೆಯಿಂದ ಬರುವಾಗ ಒಂದು ಗಾಜಿನ ತೊಟ್ಟಿ ತಂದ. ಎರಡು ಕೊಡ ನೀರು ಹಿಡಿಯುವಂಥದ್ದು. ತಳಕ್ಕೆ ಹಾಸಲು ಸಣ್ಣ ಬಿಳಿ ಕಲ್ಲು, ಗುಳುಗುಳು ಗಾಳಿ ಬಿಡುವ ಯಂತ್ರ, ಆರು ಕೆಂಪು ಮೀನು, ಅವಕ್ಕೆ ತಿನ್ನಲು ಹಾಕುವ ಕಾಳಿನ ಡಬ್ಬಿ. ಮಾರಿದವನು ಹಫೀಜ, ನಮ್ಮ ಓಣಿ ದಾಟಿದರೆ ಅವನ ಅಂಗಡಿ. ಹೇಗೆ ನೋಡಿಕೊಳ್ಳಬೇಕೆಂದು ಕೇಳಿದಾಗ ಅವನು ಬೇರೆ ಗಿರಾಕಿಗೆ ಚೀಲ ಕಟ್ಟುತ್ತ, ಸ್ವಚ್ಛ ಇಟ್ಟರೆ ಸಾಕು ಎಂದನಂತೆ. ಆ ಮಾತನ್ನು ಅಮರೇಶ ತಾಯಿಗೆ ಮುಟ್ಟಿಸಿದ. ಸ್ವಚ್ಛ ಇಡುವುದನ್ನು ಮುರಿಗೆವ್ವನಿಗೆ ಯಾರು ಕಲಿಸಬೇಕಿತ್ತು.

ಸುದ್ದಿ ಓಣಿಗೆಲ್ಲ ಹಬ್ಬಿತು. ಎದುರು ಮನೆಯ ಹೊಳೆವ್ವ ಕಟ್ಟೆಯ ಮೇಲಿಂದಲೇ ಕೇಳಿದಳು. "ಲಿಂಗಾ ಕಟ್ಟಿದ ಮನ್ಯಾಗ ಮೀನ ಬಂದಾವಂತ. ರೊಟ್ಟಿ ಕೂಡ ಏನ್ ಮಾಡೀದಿ ಇವತ್ತ?"

"ನಿನ್ನ ನಾಲಿಗೀ ಹುಳಿ ಮಾಡೇನಿ, ಉಣ್ಣಾಕ ಬಾ" ಎಂದಳು ಮುರಿಗೆವ್ವ.

ಮಾತು ತಿರುಗಿಸಿದಳು ನಿಜ, ಆದರೆ ಅದು ಆಕೆಗೆ ನಾಟಿತ್ತು. ಪೂಜೆಯ ಮನೆ. ಮೀನಿನ ವಾಸನೆ ಬಂದರೆ ಜನ ಏನನ್ನಬೇಡ.

ತೊಟ್ಟಿಯನ್ನು ಗಂಡನ ಕುರ್ಚಿಯ ಎಡಕ್ಕೆ ಇಟ್ಟರು. ಎರಡು ದಿನ ಅವರಿಗೆ ಅದು ಇದೆಯೆಂದೇ ಗೊತ್ತಾಗಲಿಲ್ಲ. ಮೂರನೆಯ ದಿನ ಮುರಿಗೆವ್ವ ಸಾಸಿವೆಯಂಥ ಆ ಕಾಳು ಉದುರಿಸಿದಾಗ ಆರೂ ಮೀನು ಒಮ್ಮೆಲೇ ಮೇಲೇರಿ ನೀರು ಕದಡಿದವು. ಆ ಸಪ್ಪಳಕ್ಕೋ ಕೆಂಪು ಬಣ್ಣದ ಸುಳಿವಿಗೋ ಬಸವಪ್ರಭುವಿನ ಗದ್ದ ಅಲುಗಿತು. ಕುತ್ತಿಗೆ ಹೊರಳಿತು. ಅವರು ಎಡಕ್ಕೆ ನೋಡಿದರು. ನಾನು ಅಲ್ಲೇ ಇದ್ದೆ. ಮುರಿಗೆವ್ವ ಇನ್ನೊಂದು ಚಿಟಿಕೆ ಹಾಕಿದಳು. ಇನ್ನೊಂದು. ಆ ಮಧ್ಯಾಹ್ನ ಅವರು ತಾಟಿನ ನಡುವನ್ನು ದಾಟಿ ಎರಡು ತುತ್ತು ಪಲ್ಯವನ್ನೂ ತಿಂದರು.

ಅಂದಿನಿಂದ ಕಾಳು ಹಾಕುವುದೇ ಹಾಕುವುದು. ಅಮರೇಶ ಅಂಗಡಿಗೆ ಹೋಗುವ ಮುಂಚೆ ಒಮ್ಮೆ, ಪ್ರಾಚಿ ಬಂದಾಗ ಒಮ್ಮೆ, ನಾನು ಹೋದರೆ ನನ್ನ ಕೈಯಿಂದಲೂ ಒಮ್ಮೆ. ಕಾಳು ಬಿದ್ದರೆ ಮೀನು ಕುಣಿಯುತ್ತವೆ, ಮೀನು ಕುಣಿದರೆ ಅವರು ನೋಡುತ್ತಾರೆ. ಮೀನು ತಿನ್ನದೆ ಬಿಟ್ಟ ಕಾಳು ಕಲ್ಲಿನ ಸಂದಿಗೆ ಇಳಿಯುತ್ತಿತ್ತು. ಅದರ ಮೇಲೆ ಮೀನಿನ ಹೊಲಸು. ನೀರು ಅಕ್ಕಿ ತೊಳೆದ ನೀರಿನಂತೆ ಮಂಕಾಯಿತು.

ಅಷ್ಟರಲ್ಲಿ ನಲ್ಲಿ ಬಂತು. ಮುರಿಗೆವ್ವ ಮನೆಯ ಪಾತ್ರೆಗಳ ಸಾಲಿನಲ್ಲಿ ತೊಟ್ಟಿಯನ್ನೂ ತಂದಿಟ್ಟಳು. ಮೀನುಗಳನ್ನು ಬೋಗುಣಿಗೆ ಹಾಕಿ, ನೀರೆಲ್ಲ ಚೆಲ್ಲಿ, ಗಾಜನ್ನು ಉಪ್ಪು ಹಚ್ಚಿ ತಿಕ್ಕಿದಳು. ಕಲ್ಲನ್ನು ಬಿಸಿನೀರಿನಲ್ಲಿ ಅಕ್ಕಿ ತೊಳೆದಂತೆ ಏಳೆಂಟು ಸಲ ಜಾಲಿಸಿದಳು. ಆಮೇಲೆ ಮೊರಕ್ಕೆ ಹಾಕಿ ಮಾಳಿಗೆಗೆ ಒಯ್ದು ಹಳೇ ಸೀರೆಯ ಮೇಲೆ, ಒಣಮೆಣಸಿನಕಾಯಿಯ ಪಕ್ಕದಲ್ಲಿ ಹರವಿದಳು. ಜನ್ಮವೆಲ್ಲ ಜೋಳದಿಂದ ಕಲ್ಲು ಆರಿಸಿ ಎಸೆದವಳು ಈಗ ಕಲ್ಲನ್ನೇ ಕೇರಿ ಒಣಗಿಸುತ್ತಿದ್ದೇನೆ ಎಂದು ನಕ್ಕಳು. ಸಂಜೆ ಹೊಸ ನೀರು ತುಂಬಿ ಮೀನು ಬಿಟ್ಟಾಗ ತೊಟ್ಟಿ ದೇವರ ಮನೆಯ ಗಿಂಡಿಯಂತೆ ಹೊಳೆಯುತ್ತಿತ್ತು.

ವಾರದೊಳಗೆ ಒಂದು ಮೀನು ಮಗ್ಗುಲಾಯಿತು. ಆಕೆ ಅದನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ, ಮೇಲೆ ಚೂರು ವಿಭೂತಿ ಉದುರಿಸಿದಳು. ತನ್ನ ತೊಳೆಯುವಿಕೆ ಸಾಲದಾಯಿತೇನೋ ಎಂದುಕೊಂಡು ನಲ್ಲಿಗೆ ಕಾಯದೆ, ಕುಡಿಯಲು ಇಟ್ಟ ನೀರಿನಲ್ಲೇ ಮತ್ತೆ ತೊಳೆದಳು. ಇನ್ನೆರಡು ಹೋದವು. ಇನ್ನೂ ಜೋರಾಗಿ ತಿಕ್ಕಿದಳು. ನೀರು ಕನ್ನಡಿಯಂತಿತ್ತು, ವಾಸನೆಯೆಂಬುದಿರಲಿಲ್ಲ, ಮೀನು ಸಾಯುವುದು ಮಾತ್ರ ನಿಲ್ಲಲಿಲ್ಲ. ದಾಸವಾಳದ ಬುಡದಲ್ಲಿ ಐದು ಸಣ್ಣ ಗುಪ್ಪೆಗಳಾದವು. ಉಳಿದ ಒಂದು ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿಕೊಂಡು ಗಾಳಿ ನುಂಗುತ್ತಿತ್ತು. ಬಸವಪ್ರಭು ಅದನ್ನೇ ಹುಡುಕಿ ಎಡಕ್ಕೆ ಹೊರಳುತ್ತಿದ್ದರು, ಆದರೆ ತಡವಾಗಿ, ಪ್ರಯಾಸದಿಂದ.

ಅಮರೇಶ ಹಫೀಜನನ್ನು ಮನೆಗೆ ಕರೆತಂದ. ಅವನು ತೊಟ್ಟಿಯ ನೀರನ್ನು ಒಂದು ಸಣ್ಣ ಶೀಶೆಗೆ ಹಾಕಿ, ಏನೋ ಔಷಧಿಯ ಹನಿ ಬಿಟ್ಟು ಅಲುಗಿಸಿದ. ನೀರು ದಟ್ಟ ಹಸಿರಾಯಿತು.

"ಅಮೋನಿಯಾ ಐತ್ರಿ ಅವ್ವಾರ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಬಡಿಯಂಗಿಲ್ಲ. ಕಲ್ಲು ಯಾವಾಗ ತೊಳದ್ರಿ?"

"ನಿನ್ನಿ."

"ಅದಕ್ಕೂ ಮೊದಲ?"

ಆಕೆ ಹೇಳುತ್ತ ಹೋದಳು. ಬಿಸಿನೀರು, ಉಪ್ಪು, ಮಾಳಿಗೆಯ ಬಿಸಿಲು. ಕೇಳುತ್ತ ಕೇಳುತ್ತ ಹಫೀಜ ನೆಲದ ಮೇಲೆ ಕುಳಿತುಬಿಟ್ಟ. "ತಪ್ಪು ನಂದೂ ಐತ್ರಿ. ಸ್ವಚ್ಛ ಇಡ್ರಿ ಅಂದಿದ್ದೆ. ನಿಮ್ಮ ಸ್ವಚ್ಛ ಇಷ್ಟ ದೊಡ್ಡದು ಅಂತ ನನಗೇನ ಗೊತ್ತು."

ಅವನು ಹೇಳಿದ್ದು ಇಷ್ಟು. ಮೀನಿನ ಹೊಲಸು, ತಿನ್ನದೆ ಬಿಟ್ಟ ಕಾಳು ಕಲ್ಲಿನ ಸಂದಿಯಲ್ಲಿ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಆ ವಿಷವನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಗಳಿವೆ. ಹೊಸ ತೊಟ್ಟಿಯಲ್ಲಿ ಅವು ನಿಧಾನವಾಗಿ ಬಂದು ಕಲ್ಲಿಗೆ ಅಂಟಿ ಮನೆ ಮಾಡಬೇಕು, ಒಂದು ತಿಂಗಳಾದರೂ ಹಿಡಿಯುತ್ತದೆ. ಮುರಿಗೆವ್ವ ಕಲ್ಲು ತೊಳೆದಾಗಲೆಲ್ಲ ಅವು ಸತ್ತು ಮೊದಲಿನಿಂದ ಶುರುವಾಗುತ್ತಿತ್ತು.

"ಹಂಗಾರ ಜೀವಾನ ಹೊಲಸಿನ್ಯಾಗ ಇಡಬೇಕೇನಪಾ?" ಎಂದಳು ಆಕೆ.

"ಹೊಲಸು ಬ್ಯಾರೆ, ಹಳೇದು ಬ್ಯಾರೆ ರೀ ಅವ್ವಾರ."

ಇನ್ನು ಕಲ್ಲು ತೆಗೆಯಬಾರದು. ಸಣ್ಣ ಕೊಳವೆಯನ್ನು ಕಲ್ಲಿನ ಮೇಲೆ ಆಡಿಸಿ, ಕೆಸರಿನ ಜೊತೆ ಎರಡು ತಂಬಿಗೆ ನೀರು ಮಾತ್ರ ಎಳೆಯಬೇಕು. ಒಂದು ದಿನ ಕೊಡದಲ್ಲಿ ಬಾಯಿ ತೆರೆದಿಟ್ಟು, ಬ್ಲೀಚಿಂಗ್ ವಾಸನೆ ಹೋದ ನಲ್ಲಿ ನೀರನ್ನು ಅಷ್ಟೇ ಅಳತೆಯಲ್ಲಿ ಸುರಿಯಬೇಕು. ಕಾಳಂತೂ ಕೆಲವು ದಿನ ಬೇಡವೇ ಬೇಡ, ಮೀನು ಉಪವಾಸಕ್ಕೆ ಸಾಯುವುದಿಲ್ಲ. ಇಷ್ಟು ಮಾಡಿದರೆ ಇದು ಉಳಿಯುತ್ತದೆಯೇ ಎಂದು ಅಮರೇಶ ಕೇಳಿದ. ಹಫೀಜ ಮೀನಿನ ಕೆಂಪಾದ ಕಿವಿರು ನೋಡಿದ. ತನಗೂ ಹೇಳಲು ಬರುವುದಿಲ್ಲ ಎಂದ.

ಕೈ ಕಟ್ಟಿ ಕೂರುವುದು ಮುರಿಗೆವ್ವನಿಗೆ ಆಗದ ಕೆಲಸ. ತೊಟ್ಟಿಯ ಮುಂದೆ ಹೋಗುವಳು, ಸೆರಗಿನಿಂದ ಗಾಜಿನ ಹೊರಮೈ ಒರೆಸುವಳು, ಅದನ್ನೂ ನಿಲ್ಲಿಸಿ ಒಳಗೆ ಬರುವಳು. ಕಾಳು ನಿಂತಿದ್ದರಿಂದ ಮೀನಿನ ಓಡಾಟ ನಿಂತಿತು. ಓಡಾಟ ನಿಂತಿದ್ದರಿಂದ ಗಂಡನ ಕುತ್ತಿಗೆಯೂ ನಿಂತಿತು. ತಾಟಿನಲ್ಲಿ ಮತ್ತೆ ಅರ್ಧ ರೊಟ್ಟಿ ಉಳಿಯತೊಡಗಿತು. ಕಾಳು ಹಾಕಿದರೆ ಮೀನು ಹೋಗುತ್ತದೆ, ಹಾಕದಿದ್ದರೆ ಇವರು ಹೋಗುತ್ತಾರೆ, ನಾನು ಯಾವ ಕಡೆ ನಿಲ್ಲಲಿ ಎಂದು ಗೋಡೆಯ ಹತ್ತಿರ ನಿಂತು ನನ್ನನ್ನು ಕೇಳಿದಳು.

ಒಂದು ಮಧ್ಯಾಹ್ನ ಬಸವಪ್ರಭು ತಾವಾಗಿ ಎಡಕ್ಕೆ ಹೊರಳಿದರು. ಯಾರೂ ಕರೆದಿರಲಿಲ್ಲ, ಮೀನೂ ಅಲುಗಿರಲಿಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ತುಟಿ ಆಡಿತು. ಮುರಿಗೆವ್ವ ಬಾಗಿ ಕಿವಿಗೊಟ್ಟಳು.

"ಹಸದೈತಿ. ಹಾಕು" ಎಂದರು.

ಹಫೀಜನ ಮಾತು ಆಕೆಗೆ ಮರೆತಿರಲಿಲ್ಲ. ಡಬ್ಬಿ ಹಿಡಿದು ನಿಂತೇ ಇದ್ದಳು. ಅವರು ಮುಖ ತಿರುಗಿಸದೆ ಎಡಕ್ಕೇ ನೋಡುತ್ತ ಕಾಯುತ್ತಿದ್ದರು. ಒಂದು ಚಿಟಿಕೆ ಹಾಕಿದಳು. ಮೀನು ಒಂದೆರಡು ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳಿತು. ಅವರು ಸಂಜೆಯ ತನಕ ಅದನ್ನೇ ನೋಡಿದರು.

ಮೀನು ಮರುದಿನ ಸತ್ತಿತು. ಆ ಚಿಟಿಕೆಗೇ ಸತ್ತಿತೋ, ಮೊದಲೇ ಆಯುಷ್ಯ ಮುಗಿದಿತ್ತೋ, ಹಫೀಜನೂ ಹೇಳಲಾರದೆ ಹೋದ. ಆರನೆಯ ಗುಪ್ಪೆಗೂ ವಿಭೂತಿ ಬಿತ್ತು.

ಆಮೇಲೆ ಆ ತೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ನಲ್ಲಿ ಬಂದಾಗಲೆಲ್ಲ ಮುರಿಗೆವ್ವ ಎಲ್ಲ ಪಾತ್ರೆ ಚೆಲ್ಲಿ ತಿಕ್ಕಿದಳು, ಅದೊಂದನ್ನು ಬಿಟ್ಟು. ಕಲ್ಲಿನ ಮೇಲೆ ಕಂದು ಲೋಳೆ ಕಟ್ಟಿತು, ಗಾಜಿನ ಮೂಲೆಗೆ ಪಾಚಿ ಹಿಡಿಯಿತು. ಕೊಳೆತ ಕಾಳಿನ ಮಬ್ಬು ಮಾತ್ರ ದಿನದಿನಕ್ಕೆ ತಾನಾಗಿ ತಿಳಿಯಾಯಿತು. ತಿಂಗಳು ಕಳೆದ ಮೇಲೆ, ಬೇಡವಾದ ಗಾಳಿಯ ಯಂತ್ರವನ್ನು ವಾಪಸ್ ಒಯ್ಯಲು ಬಂದ ಹಫೀಜ ಏನು ತೋಚಿತೋ ಮತ್ತೆ ಹನಿ ಬಿಟ್ಟು ನೋಡಿದ. ಶೀಶೆಯ ನೀರು ಹಳದಿಯಾಗಿಯೇ ಉಳಿಯಿತು. ವಿಷವಿಲ್ಲ, ಈಗ ತೊಟ್ಟಿ ತಯಾರಾಗಿದೆ, ಮೀನು ಬಿಡಬಹುದು ಎಂದ. ಮುರಿಗೆವ್ವ ಆ ಶೀಶೆಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಈಗ ತಯಾರ ಆತು" ಎಂದಳು. ಶೀಶೆಯನ್ನು ಅವನ ಕೈಗೆ ಮರಳಿಸಿ, "ಬ್ಯಾಡಪಾ. ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ" ಎಂದಳು.

ಮೀನೂ ಇಲ್ಲ ಕಾಳೂ ಇಲ್ಲ ಎಂದರೆ ಕಲ್ಲಿನ ಮೇಲಿನ ಆ ಕಾಣದ ಜೀವಗಳೂ ಹಸಿದು ಹೋಗುತ್ತವೆ ಎಂದು ಅವನು ಹೇಳಿದ. ಯಂತ್ರವನ್ನು ಅಲ್ಲೇ ಬಿಟ್ಟು ಹೋದ. ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಖಾಲಿ ನೀರಿಗೆ ನಾಲ್ಕು ಕಾಳು ಹಾಕುತ್ತಾಳೆ.

ನಿನ್ನೆ ನಾನು ಮಜ್ಜಿಗೆ ಒಯ್ದಾಗ ಆಕೆ ಗಂಡನ ಎಡಕ್ಕೆ, ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತಿದ್ದಳು. ತಾಟಿನಲ್ಲಿ ಎಡ ಅರ್ಧ ಹಾಗೇ ಇತ್ತು.

"ಇಲ್ಲಿ ನೋಡ್ರಿ" ಎಂದು ಕರೆದಳು. "ಇಲ್ಲೇ ಅದೇನಿ."

ಬಸವಪ್ರಭು ಬಲಕ್ಕೆ ನೋಡಿದರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದೆ ಹುಡುಕಿದರು. "ಎಲ್ಲಿ ಅದಿ?" ಎಂದರು.

ನಾನು ಒಳಗೆ ಬಂದು ತಾಟು ತಿರುಗಿಸಲು ಕೈ ಚಾಚಿದೆ. ಮುರಿಗೆವ್ವ ಬೇಡವೆಂದು ತಲೆಯಾಡಿಸಿದಳು. ಎದ್ದು ಬಲಕ್ಕೆ ಬರಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಕುಳಿತಲ್ಲಿಂದಲೇ ಇನ್ನೊಮ್ಮೆ ಕರೆದಳು.