ಸೀಟಿನ ಕೆಳಗಿದ್ದ ಧಾರಾಪಾತ್ರೆ

ಕಾಡಿನ ನಡುವೆ ನನ್ನ ಲಾರಿ ನಿಂತಿತ್ತು. ಹಿಂದೆ ನನ್ನ ಭಾವಮೈದ ಪುಟ್ಟರಾಜು ತೊಡೆ ಜಜ್ಜಿಹೋಗಿ ಮಲಗಿದ್ದ. ಕೆಳಗೆ ಪೆಟ್ರೋಲ್ ಟ್ಯಾಂಕು ಹರಿದು ಸೋರುತ್ತಿತ್ತು. ಈಶ್ವರನನ್ನು ನಂಬಿದ ನಿಮ್ಮೆಲ್ಲರ ಮುಂದೆ ಆ ಮಧ್ಯಾಹ್ನದ ಸಂಗತಿ ಹೇಳಬೇಕು. ನನ್ನ ತಪ್ಪನ್ನೂ ಸೇರಿಸಿಯೇ ಹೇಳುತ್ತೇನೆ, ಅದನ್ನು ಮುಚ್ಚಿಟ್ಟರೆ ಹೇಳಿ ಪ್ರಯೋಜನವಿಲ್ಲ.

ಆಗ ಕೊಡಗು ಇನ್ನೂ ಬೇರೆ ರಾಜ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತ ಮನೆತನ ನಮ್ಮದು. ನನಗೆ ನೇಗಿಲು ಒಗ್ಗಲಿಲ್ಲ, ಸ್ಟಿಯರಿಂಗ್ ಒಗ್ಗಿತು. ಸುಂಟಿಕೊಪ್ಪದ ಒಳಗಿನ ಕಾಡಿನಲ್ಲಿ ಮರ ಕಡಿಯುತ್ತಿದ್ದ ಕೂಪಿನಿಂದ ದಿಮ್ಮಿ ಹೊರುವುದು ನನ್ನ ಕೆಲಸ. ಮಿಲಿಟರಿಯವರು ಓಡಿಸಿ ಬಿಟ್ಟ ಹಳೇ ಲಾರಿ. ಅಲ್ಲಿನ ದಾರಿಯೋ, ಕಡಿದ ಮರಗಳ ಮೋಟುಗಳ ನಡುವೆ ಚಕ್ರ ಹೋದದ್ದೇ ದಾರಿ. ಪಕ್ಕದಲ್ಲಿ ನೇತಾಡುವ ಟ್ಯಾಂಕಿಗೆ ಒಂದು ಮೋಟು ತಗುಲಿದರೆ ಕಥೆ ಮುಗಿಯಿತು. ಅದಕ್ಕೇ ನಾನು ಟ್ಯಾಂಕಿನ ಅಡಿಗೆ ಹಳೇ ಟಯರಿನ ತುಂಡು ಹಾಸಿ, ಅದರ ಕೆಳಗೆ ಮತ್ತಿಮರದ ದಪ್ಪ ಹಲಗೆ ಕೊಟ್ಟು, ಎರಡು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದೆ. ಬೇರೆ ಡ್ರೈವರುಗಳು ಬಗ್ಗಿ ಬಗ್ಗಿ ನೋಡಿಹೋಗುತ್ತಿದ್ದರು. ನನಗೂ ಜಂಬ ಕಡಿಮೆ ಇರಲಿಲ್ಲ.

ಒಂದು ದಿನ ಒಂದು ಪಟ್ಟಿಯ ಬೋಲ್ಟು ತುಂಡಾಯಿತು. ತಂತಿ ಸುತ್ತಿ ಕಟ್ಟಿದೆ. ನಾಳೆ ಹೊಸದು ಹಾಕಿಸೋಣ ಎಂದುಕೊಂಡೆ. ಹಾಗೆಯೇ ಎರಡು ವಾರ ಹೋಯಿತು.

ನಾಳೆ ಎನ್ನುವುದು ನನ್ನ ಹುಟ್ಟುಗುಣ. ಹಿಂದಿನ ವರ್ಷ ಪುಟ್ಟರಾಜುವಿಗೆ ಮಲೇರಿಯಾ ಜ್ವರ ನೆತ್ತಿಗೇರಿದಾಗ, ನನ್ನ ಹೆಂಡತಿ ನಂಜಮ್ಮ ತಮ್ಮನ ಜೀವ ಉಳಿದರೆ ನಮ್ಮೂರ ಹೊಳೆದಂಡೆಯ ಈಶ್ವರನಿಗೆ ತಾಮ್ರದ ಧಾರಾಪಾತ್ರೆ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಲಿಂಗದ ಮೇಲೆ ತೂಗುಹಾಕಿ, ಅಡಿಯ ತೂತಿನಿಂದ ಹನಿಹನಿಯಾಗಿ ನೀರು ಬೀಳಿಸುವ ಪಾತ್ರೆ ಅದು. ಅವನು ಉಳಿದ. ನೀರಿನ ಕೊಡದಷ್ಟು ದೊಡ್ಡ ಪಾತ್ರೆ ಮಾಡಿಸಿ ತಂದು ಸೀಟಿನ ಕೆಳಗಿಟ್ಟೆ. ಗುಡಿಯ ಮುಂದೆಯೇ ದಿನಾ ಲಾರಿ ಹೋಗುತ್ತಿತ್ತು, ನಿಲ್ಲಿಸಿ ಇಳಿಯಲು ನನಗೆ ಪುರುಸೊತ್ತಿರಲಿಲ್ಲ.

ಪುಟ್ಟರಾಜು ಅದೇ ಕೂಪಿನಲ್ಲಿ ದಿಮ್ಮಿ ಹತ್ತಿಸುತ್ತಿದ್ದ. ಎರಡು ಮಕ್ಕಳ ತಂದೆ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಭಾವ, ನನ್ ಜೀವ ನಿನ್ ಸೀಟಿನಡಿ ಉರುಳಾಡ್ತಾ ಐತೆ. ಯಾವತ್ತು ಕೊಡ್ತೀಯ?" ಎಂದು ಎಲ್ಲರೆದುರು ಛೇಡಿಸುತ್ತಿದ್ದ.

"ನಾಳೆ ಕಣ್ಲಾ," ಎನ್ನುತ್ತಿದ್ದೆ.

ಆ ದಿನ ದಿಮ್ಮಿ ಹತ್ತಿಸುವಾಗ ಸರಪಳಿ ಕಿತ್ತು, ದಿಮ್ಮಿ ಉರುಳಿ ಅವನ ತೊಡೆಯ ಮೇಲೆ ಬಂತು. ಎರಡು ಗಳ ಇಟ್ಟು ಟವೆಲಿನಲ್ಲಿ ಕಾಲು ಕಟ್ಟಿ ಖಾಲಿ ಲಾರಿಯಲ್ಲಿ ಮಲಗಿಸಿದರು. ಮಲಬಾರಿನ ಕಡೆಯ ಹಿರಿಯ ಲೋಡರ್ ಮೊಯ್ದು ಕಾಕ ಅವನ ತಲೆ ಹಿಡಿದು ಕೂತರು. ಮಡಿಕೇರಿ ಆಸ್ಪತ್ರೆಗೇ ಹೋಗಬೇಕು. ನಾನು ಕಣ್ಣುಮುಚ್ಚಿ ಓಡಿಸಿದೆ ಎಂದರೂ ಸರಿಯೇ. ಒಂದು ತಿರುವಿನಲ್ಲಿ ತಂತಿ ಕಿತ್ತು ಹಲಗೆ ಕೆಳಗೆ ಜೋತುಬಿತ್ತು. ಹಿಂದೆಯೇ ಒಂದು ಮೋಟು ಟ್ಯಾಂಕಿನ ಮೂಲೆಯನ್ನು ಸೀಳಿತು.

ಸೀಳಿಗೆ ಬಾರ್ ಸೋಪು ಮೆತ್ತಿದೆ. ಸಣ್ಣ ತೂತಾಗಿದ್ದರೆ ನಿಲ್ಲುತ್ತಿತ್ತು. ಇದು ಬೆರಳುದ್ದದ ಸೀಳು, ಸೋಪು ಜಾರಿ ಜಾರಿ ಬಿತ್ತು. ಟಾರು ರಸ್ತೆ ಇನ್ನೂ ನಾಲ್ಕು ಮೈಲಿ. ಎತ್ತಿಕೊಂಡು ನಡೆಯೋಣವೆಂದು ಇಬ್ಬರೂ ಅವನನ್ನು ಸ್ವಲ್ಪ ಎತ್ತಿದೆವು. ಅವನು ಕೂಗಿದ ಕೂಗಿಗೆ ನನ್ನ ಕೈಯೇ ಬಿಟ್ಟುಹೋಯಿತು. ಆಮೇಲೆ ಅವನ ದನಿಯೂ ಇಳಿಯಿತು. "ಭಾವ, ಚಳಿ ಆಯ್ತಾ ಐತೆ," ಎಂದ. ಮಟಮಟ ಬಿಸಿಲು. ನನ್ನ ಅಂಗಿ ಬಿಚ್ಚಿ ಹೊದಿಸಿದೆ, ಇನ್ನೇನು ಮಾಡಲಿ? ಟವೆಲು ಪೂರ್ತಿ ಕೆಂಪಾಗಿತ್ತು.

ನೆಲದಲ್ಲಿ ಕೂತು ತಲೆ ತಲೆ ಚಚ್ಚಿಕೊಂಡೆ. ಹರಕೆ ತೀರಿಸದವನ ಮನೆಯಿಂದ ಈಶ್ವರ ತಾನು ಕೊಟ್ಟ ಜೀವ ವಾಪಸು ಕೇಳುತ್ತಿದ್ದಾನೆ ಎನಿಸಿತು. ನಂಜಮ್ಮನಿಗೆ ಯಾವ ಮುಖ ತೋರಿಸಲಿ? "ಈಶ್ವರಾ, ತಪ್ಪು ನನ್ನದಪ್ಪಾ, ಅವನದಲ್ಲ. ನನ್ ಕೈಲಿ ಏನೂ ಆಗ್ತಿಲ್ಲ," ಎಂದು ಗಟ್ಟಿಯಾಗಿ ಅತ್ತೆ. ಕಣ್ಣು ಮುಚ್ಚಿದಾಗ ನಮ್ಮೂರ ಗುಡಿ ಕಂಡಿತು. ಲಿಂಗದ ಮೇಲೆ ಹಳೇ ಪಾತ್ರೆ ತೂಗುತ್ತಿತ್ತು, ಹನಿ ಬೀಳುತ್ತಿತ್ತು. ಮೇಲೆ ಪಾತ್ರೆ, ಕೆಳಗೆ ಲಿಂಗ. ಹಾಗೆಯೇ ನೋಡುತ್ತಾ ಇದ್ದೆ.

ತಟ್ಟನೆ ಎದ್ದೆ. ಪೆಟ್ರೋಲು ಎಂಜಿನಿಗಿಂತ ಮೇಲಿದ್ದರೆ ಟ್ಯಾಂಕೂ ಬೇಡ, ಪಂಪೂ ಬೇಡ, ತಾನಾಗಿಯೇ ಇಳಿಯುತ್ತದೆ! ಸೀಟಿನ ಕೆಳಗಿನಿಂದ ಧಾರಾಪಾತ್ರೆ ಎಳೆದು ಸೀಳಿನ ಕೆಳಗೆ ಹಿಡಿದೆ. "ಕಾಕ, ಬೀಡಿ ಗೀಡಿ ದೂರ ಎಸೀರಿ. ಈ ತೂತಿಗೆ ಬೆರಳು ಕೊಡಿ."

ಅವರು ತಮ್ಮ ಮಲಯಾಳದಲ್ಲಿ ದೇವರನ್ನು ಕರೆದು, ನನ್ನನ್ನು ಮಗನೇ ಎನ್ನುತ್ತಾ ಹಿಂಜರಿದರು. "ಪಡಚ್ಚೋನೇ! ಇದು ನಿಮ್ಮ ದೇವರದ್ದಲ್ಲವಾ ಮೋನೇ? ನಾನು ಮುಟ್ಟಬಹುದಾ?"

"ಮುಟ್ಟಿ ಕಾಕ. ಪಾಪ ಬಂದ್ರೆ ನಂಗೆ ಬರ್ಲಿ."

ಉಳಿದಿದ್ದ ಪೆಟ್ರೋಲಿಗೆ ಪಾತ್ರೆ ಮುಕ್ಕಾಲು ತುಂಬಿತು. ಗಾಜು ಒರೆಸುವ, ಗಾಳಿಯ ಎಳೆತಕ್ಕೆ ಆಡುವ ಆಗಿನ ವೈಪರಿನ ರಬ್ಬರ್ ಪೈಪು ಕಿತ್ತು, ಒಂದು ತುದಿ ಪಾತ್ರೆಯ ತೂತಿಗೆ ತುರುಕಿ ಸುತ್ತ ಸೋಪು ಮೆತ್ತಿದೆ. ಇನ್ನೊಂದು ತುದಿ ಕಾರ್ಬೊರೇಟರಿಗೆ. ಕಾಕ ಮಡ್‌ಗಾರ್ಡಿನ ಮೇಲೆ ಕೂತು, ಪಾತ್ರೆಯನ್ನು ಹೆಗಲಿಗೆತ್ತಿ ಮಗುವಿನಂತೆ ಅಪ್ಪಿಕೊಂಡರು. ಹ್ಯಾಂಡಲ್ ಹಾಕಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಹಿಡಿಯಿತು. ನಾನು ಗೊಳೋ ಎಂದು ಅತ್ತುಬಿಟ್ಟೆ.

ಸುಂಟಿಕೊಪ್ಪದ ಬಸ್ ನಿಲ್ಲುವಲ್ಲಿ ಪೆಟ್ರೋಲು ಮುಗಿಯಿತು. ಮಡಿಕೇರಿ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಜನ ಎದ್ದು ಹಿಂದಿನ ಸೀಟು ಪೂರ್ತಿ ಬಿಟ್ಟುಕೊಟ್ಟರು. ಆಸ್ಪತ್ರೆಯ ಡಾಕ್ಟರು, "ಇನ್ನು ಸ್ವಲ್ಪ ತಡವಾಗಿದ್ದರೆ ಕಾಲಲ್ಲಪ್ಪ, ಮನುಷ್ಯನೇ ಇರುತ್ತಿರಲಿಲ್ಲ," ಎಂದರು. ಪುಟ್ಟರಾಜು ಮನೆಗೆ ಬಂದ, ಒಂದು ಕಾಲು ಎರಡು ಬೆರಳಿನಷ್ಟು ಗಿಡ್ಡವಾಗಿ.

ನಂಜಮ್ಮ ಪಾತ್ರೆಯನ್ನು ಹುಣಸೆಹಣ್ಣು, ಬೂದಿ, ಸೀಗೆಪುಡಿ ಎಲ್ಲ ಹಾಕಿ ದಿನಾ ತಿಕ್ಕಿದಳು. ಅವನು ಕೋಲೂರಿ ನಡೆಯುವಂತಾದ ದಿನವೇ ಮೂವರೂ ಗುಡಿಗೆ ಹೋದೆವು. ಅರ್ಚಕರು ಪಾತ್ರೆ ಮೂಸಿ ನೋಡಿ, "ಒಂದು ವರ್ಷ ತಡ ಮಾಡಿದೆಯಲ್ಲಯ್ಯಾ," ಎಂದರು.

ನಾನು ತಲೆ ತಗ್ಗಿಸಿದೆ. ತಂತಿ ಕಟ್ಟಿದ ವಿಷಯವನ್ನು ಪುಟ್ಟರಾಜುವಿಗೆ ಅಂದಿನವರೆಗೂ ನಾನು ಹೇಳಿರಲಿಲ್ಲ. ಅಲ್ಲೇ, ದೇವರ ಎದುರೇ ಹೇಳಿದೆ. "ಬೋಲ್ಟು ಹಾಕಿಸಿದ್ರೆ ಟ್ಯಾಂಕು ಹರೀತಿರ್ಲಿಲ್ಲ ಕಣೋ. ನಿನ್ನ ಕೊಂದೇಬಿಡ್ತಿದ್ದೆ."

ಅವನು "ಗೊತ್ತಿತ್ತು ಭಾವ," ಎಂದ. "ತಂತಿ ಕಿತ್ತ ಸದ್ದು ಕೇಳ್ತು. ಹಲ್ಕಚ್ಕೊಂಡು ಬೈದೆ ನಿನ್ನ. ಪಾತ್ರೆ ಈಚೆ ಎಳೆದ್ಯಲ್ಲ, ಆಗ ಸಿಟ್ಟು ಬಿಟ್ಬಿಟ್ಟೆ."

ಕುಂಟುತ್ತಾ ಹೋಗಿ ಬಾವಿಯಿಂದ ತಾನೇ ನೀರು ಸೇದಿ ಅರ್ಚಕರ ಕೈಗಿತ್ತ. ಪಾತ್ರೆ ಲಿಂಗದ ಮೇಲೆ ಏರಿತು. ಮೊದಲ ಹನಿ ಬೀಳುವವರೆಗೆ ನಂಜಮ್ಮ ನನ್ನ ತೋಳು ಬಿಡಲಿಲ್ಲ.

ಈಗಲೂ ಬೆಳಿಗ್ಗೆ ನಾನು ಹೊರಡುವಾಗ ಅವಳು, "ಪಟ್ಟಿ ನೋಡಿದ್ರೇನ್ರೀ?" ಎಂದು ಕೇಳುತ್ತಾಳೆ. ನೋಡಿರುತ್ತೇನೆ. ಆದರೂ ಇನ್ನೊಮ್ಮೆ ಲಾರಿಯ ಕೆಳಗೆ ತೂರಿ, ಬೋಲ್ಟು ಮುಟ್ಟಿ, ಈಶ್ವರನಿಗೆ ಕೈ ಮುಗಿದೇ ಹೊರಡುತ್ತೇನೆ.