ಬಸ್ಸಿನಲ್ಲಿ ಕೆಮಿಸ್ಟ್ರಿ ಕಲಿತ ಪುಟ್ಟರಾಜು

ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣಕ್ಕೆ ಓಡಾಡುವ ಖಾಸಗಿ ಬಸ್ಸೊಂದರಲ್ಲಿ ಪುಟ್ಟರಾಜು ಹತ್ತು ವರ್ಷ ಕಂಡಕ್ಟರ್ ಆಗಿದ್ದ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಫಿಸಿಕ್ಸು, ಕೆಮಿಸ್ಟ್ರಿ ಎರಡರಲ್ಲೂ ಫೇಲಾದವನು, ಮತ್ತೆ ಪರೀಕ್ಷೆ ಕಟ್ಟುವ ಗೋಜಿಗೆ ಹೋಗದೆ ಬಸ್ಸು ಹತ್ತಿದ್ದ. ಅದಕ್ಕಾಗಿ ಅವನಿಗೆ ಬೇಸರವೂ ಇರಲಿಲ್ಲ. ಹೆಂಡತಿ ಧನ್ಯಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಸಂಸಾರ ನಗುನಗುತ್ತಾ ಸಾಗಿತ್ತು.

ಒಮ್ಮೆ ಅವನ ಸೋದರಮಾವ ದೊಡ್ಡಯ್ಯನಿಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಯಲ್ಲಿ ಜೊತೆಗಿರಲು ಪುಟ್ಟರಾಜು ರಜೆ ಹಾಕಿ ಹೋದ. ದೊಡ್ಡಯ್ಯ ಮಹಾ ಸಂಕೋಚದ ಮನುಷ್ಯ. ನರ್ಸಮ್ಮಂದಿರು ಮೈ ಒರೆಸಲು ಬಂದರೆ, ಸ್ವಾಧೀನವಿದ್ದ ಒಂದೇ ಕೈಯಲ್ಲಿ ಹೊದಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿದ್ದ. ಆಗ ಬರುತ್ತಿದ್ದವನು ದಿಲೀಪ್. ಅವನೂ ನರ್ಸೇ, ವಾರ್ಡಿನಲ್ಲಿ ಎಲ್ಲರೂ ಬ್ರದರ್ ಅನ್ನುತ್ತಿದ್ದರು. ಬೆನ್ನು ಹುಣ್ಣಾಗದ ಹಾಗೆ ರೋಗಿಯನ್ನು ಮಗ್ಗುಲು ಹೊರಳಿಸುವುದು, ಗಂಟಲಿಗೆ ಸಿಕ್ಕದ ಹಾಗೆ ಕೂರಿಸಿ ಗಂಜಿ ಕುಡಿಸುವುದು, ಎಲ್ಲವನ್ನೂ ಅವನು ಪುಟ್ಟರಾಜುವಿಗೆ ಹೇಳಿಕೊಟ್ಟ. ಬೇಗನೆ ಕೈ ಪಳಗಿತು. ಪಕ್ಕದ ಮಂಚದವರೂ ಪುಟ್ಟರಾಜುವನ್ನೇ ಕರೆಯತೊಡಗಿದರು. ಊಟದ ಡಬ್ಬಿ ಬಿಚ್ಚುತ್ತಾ ದಿಲೀಪ್ ಒಂದು ದಿನ, "ಅಣ್ಣ, ನೀವು ಈ ಕೆಲ್ಸಕ್ಕೇ ಬರ್ಬೇಕಿತ್ತು. ಈಗ್ಲೂ ತಡ ಆಗಿಲ್ಲ" ಅಂದ. ಉಳಿದ ಎರಡು ಸಬ್ಜೆಕ್ಟ್ ಪಾಸು ಮಾಡಿ ಸಿಇಟಿ ಬರೆದರೆ ಬಿಎಸ್ಸಿ ನರ್ಸಿಂಗ್ ಸೇರಬಹುದೆಂದೂ ತಿಳಿಸಿದ.

ಆ ಮಾತು ಪುಟ್ಟರಾಜುವಿನ ತಲೆಯಿಂದ ಇಳಿಯಲಿಲ್ಲ. ಮನೆಯಲ್ಲಿ ಹೇಳಿದಾಗ ಧನ್ಯಾ ಸೂಜಿಗೆ ದಾರ ಪೋಣಿಸುತ್ತಲೇ ಒಪ್ಪಿದಳು. ಅವ್ವ ನಂಜಮ್ಮನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಗಂಡುಸ್ರು ನರ್ಸಮ್ಮ ಆಗದು ಎಲ್ಲಾರ ಐತೇನ್ಲಾ?"

"ಮಾವನ ಮೈ ತೊಳ್ದೋರು ಯಾರು ಅಂತ ಅವ್ರನ್ನೇ ಕೇಳವ್ವ" ಅಂದ ಪುಟ್ಟರಾಜು.

ನಂಜಮ್ಮ ಅಣ್ಣನನ್ನು ಕೇಳಿದಳು. ದಿಲೀಪ್ ಇಲ್ಲದಿದ್ದರೆ ತನ್ನ ಮಾನ ಹೋಗುತ್ತಿತ್ತೆಂದು ದೊಡ್ಡಯ್ಯ ತೊದಲುತ್ತಾ ಹೇಳಿದ. ಅಲ್ಲಿಂದ ಮುಂದೆ ಅವಳು ಆಡಿಕೊಳ್ಳಲಿಲ್ಲ.

ಓದು ಶುರುವಾದದ್ದು ಬಸ್ಸಿನಲ್ಲೇ. ಬೆಳಗಿನ ಟ್ರಿಪ್ಪಿನ ತುಂಬಾ ಕಾಲೇಜಿನ ಹುಡುಗಿಯರು. ಅವರಲ್ಲಿ ನಿಸರ್ಗ ಎಂಬವಳು ಎರಡನೇ ಪಿಯುಸಿ ಓದುತ್ತಿದ್ದಳು. ಟಿಕೆಟ್ ಹರಿದಾದ ಮೇಲೆ ಪುಟ್ಟರಾಜು ಕಂಬಿಗೆ ಒರಗಿ ನಿಂತು ಅವಳನ್ನು ಡೌಟು ಕೇಳುತ್ತಿದ್ದ. ಅವಳು ಹೇಳುವುದು ತಪ್ಪಿದರೆ ಹಿಂದಿನ ಸೀಟಿನವರು ತಿದ್ದುತ್ತಿದ್ದರು. ಮೊಸರು ಮಾರಲು ಹೋಗುವ ಹೆಂಗಸರು ಕೂಡ ಇವತ್ತು ಯಾವ ಪಾಠವೆಂದು ವಿಚಾರಿಸುತ್ತಿದ್ದರು. ಒಂದು ದಿನ ಸಮೀಕರಣ ಸರಿಹೊಂದಿಸುವುದರಲ್ಲಿ ಮುಳುಗಿ ಸೀಟಿ ಊದುವುದನ್ನೇ ಮರೆತು, ಇಳಿಯಬೇಕಿದ್ದ ಮುದುಕರೊಬ್ಬರನ್ನು ಮುಂದಿನ ಊರಿಗೆ ಒಯ್ದುಬಿಟ್ಟ. ಅವರನ್ನು ಎದುರು ಬಂದ ಬಸ್ಸಿಗೆ ಹತ್ತಿಸಿ, ಕೈಮುಗಿದು ಕಳಿಸಿಕೊಟ್ಟ.

ಪರೀಕ್ಷೆ ಮುಗಿದು ಫಲಿತಾಂಶ ಬಂತು. ಕೆಮಿಸ್ಟ್ರಿ ಪಾಸು, ಫಿಸಿಕ್ಸ್ ಮತ್ತೆ ಫೇಲು. ಇಡೀ ಬಸ್ಸಿಗೆ ಗೊತ್ತಿದ್ದ ವಿಷಯ, ಮುಖ ತೋರಿಸುವುದು ಹೇಗೆ? ಮಾಲೀಕರನ್ನು ಕೇಳಿಕೊಂಡು ಮಧ್ಯಾಹ್ನದ ಟ್ರಿಪ್ಪಿಗೆ ಬದಲಾಯಿಸಿಕೊಂಡ. ಎರಡೇ ದಿನಕ್ಕೆ ನಿಸರ್ಗ ಬಸ್ ಸ್ಟ್ಯಾಂಡಿಗೇ ಹುಡುಕಿಕೊಂಡು ಬಂದಳು.

"ಅಣ್ಣ, ನಂದೂ ಫಿಸಿಕ್ಸ್ ಹೋಗೈತೆ. ಇನ್ನೊಂದು ಪರೀಕ್ಷೆ ಐತಲ್ಲ, ಜೊತೇಲಿ ಓದನ ಬನ್ನಿ."

ಹೇಳಿಕೊಡುತ್ತಿದ್ದವಳೇ ಫೇಲಾದ ಮೇಲೆ ತನಗೇನು ನಾಚಿಕೆ ಎಂದು ಪುಟ್ಟರಾಜುವಿಗೆ ನಗು ಬಂತು. ಅವಳಿಗೂ ಬಂತು. ಊರಿನಲ್ಲಿದ್ದ ನಿವೃತ್ತ ಮೇಷ್ಟ್ರು ಚಂದ್ರಮೌಳಿಯವರ ಜಗಲಿಯ ಮೇಲೆ ಇಬ್ಬರೂ ಕೂತು ಮೊದಲ ಪಾಠದಿಂದ ಓದಿದರು. ಇಬ್ಬರೂ ಪಾಸಾದರು. ಸಿಇಟಿಯಲ್ಲಿ ಬಂದ ರ್‍ಯಾಂಕ್ ಹೇಳಿಕೊಳ್ಳುವಂಥದ್ದಲ್ಲ, ಆದರೂ ಪುಟ್ಟರಾಜುವಿಗೆ ಹಾಸನದಲ್ಲೇ ನರ್ಸಿಂಗ್ ಸೀಟು ಸಿಕ್ಕಿತು.

ಕಾಲೇಜಿನ ಮೊದಲ ದಿನಕ್ಕೆಂದು ಅವನ ಬಿಳಿ ಕೋಟನ್ನು ನಂಜಮ್ಮ ತಾನೇ ಒಗೆದಳು. ಹೊಳೆಯಲಿ ಎಂದು ನೀಲಿ ತುಸು ಹೆಚ್ಚಾಗಿಯೇ ಸುರಿದಿದ್ದಳು. ಆಕಾಶದ ಬಣ್ಣಕ್ಕೆ ತಿರುಗಿದ ಆ ಕೋಟನ್ನೇ ಹಾಕಿಕೊಂಡು ಪುಟ್ಟರಾಜು ಬೆಳಿಗ್ಗೆ ಹಾಸನಕ್ಕೆ ಹೊರಟ.